ಅಪ್ಪ-ಅಮ್ಮನ ಮೊದಲ ವಿಮಾನ: ಪೂಜೆ ಚೀಲ, ಅಡಕತ್ತರಿ, ಅಮ್ಮನ ಕಿವಿ

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಅಪ್ಪನಿಗೆ 68, ಅಮ್ಮನಿಗೆ 63. ಸಂಕ್ರಾಂತಿ ಕಳೆದ ಮೇಲೆ ಇಬ್ಬರನ್ನೂ ಬೆಂಗಳೂರಿನಿಂದ ಕಾಶಿಗೆ ವಿಮಾನದಲ್ಲಿ ಕಳಿಸಬೇಕೆಂದಿದ್ದೇನೆ. ಇಬ್ಬರಿಗೂ ಇದೇ ಮೊದಲು. ನಾನು ಏರ್‌ಪೋರ್ಟ್ ಬಾಗಿಲವರೆಗೆ ಮಾತ್ರ ಬರಬಲ್ಲೆ. ಅಲ್ಲಿ ಇಳಿದ ಮೇಲೆ ಚಿಕ್ಕಪ್ಪನ ಮಗ ಕರೆದುಕೊಳ್ಳುತ್ತಾನೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಪೆನ್ ಬಳಸುತ್ತಾರೆ, ಮಂಡಿ ನೋವೂ ಇದೆ. ಅಮ್ಮನಿಗೆ ಊಟಿ ಘಾಟಿ ಇಳಿಯುವಾಗಲೇ ಕಿವಿ ನೋಯುತ್ತದೆ, ಬಿಪಿ ಮಾತ್ರೆಯೂ ಉಂಟು. ಕಾಯಿ, ಕೊಬ್ಬರಿ, ಕರ್ಪೂರ, ತುಪ್ಪ ಎಲ್ಲ ಈಗಲೇ ಕಟ್ಟಿಟ್ಟಿದ್ದಾರೆ. ಬರುವಾಗ ಗಂಗಾಜಲ ತರಲೇಬೇಕಂತೆ. ಏನೇನು ಹೇಳಿ ಕಳಿಸಲಿ?

ಉತ್ತರ: ಮೊದಲು ಅಮ್ಮ ಕಟ್ಟಿಟ್ಟ ಆ ಚೀಲವನ್ನು ಬಿಚ್ಚಿ. ಮೊದಲ ಸಲ ಹಾರುವ ಹಿರಿಯರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ವಿಮಾನ ಏಳುವ ಮೊದಲೇ, ನೆಲದ ಮೇಲೆಯೇ ಬರುತ್ತವೆ. ಅವುಗಳಲ್ಲಿ ಪೂಜೆ ಚೀಲದ್ದೇ ದೊಡ್ಡ ಪಾಲು.

ಕೊಬ್ಬರಿ ಹೋಗುವುದಿಲ್ಲ. ಕೈಚೀಲದಲ್ಲೂ ಇಲ್ಲ, ಕೌಂಟರಿನಲ್ಲಿ ಕೊಟ್ಟು ಕಳಿಸುವ ಲಗೇಜಿನಲ್ಲೂ ಇಲ್ಲ. ತಿಪಟೂರಿನ ಉಂಡೆ ಕೊಬ್ಬರಿಯನ್ನು ಬಾಂಬಿನ ಹಾಗೆ ಕಾಣುತ್ತಾರೆ ಎಂದು ನಗುವವರಿದ್ದಾರೆ, ಆದರೆ ಕಾರಣ ಗಟ್ಟಿಯಾಗಿದೆ. ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಗಾಳಿಯಾಡದ ಜಾಗದಲ್ಲಿ, ಸ್ವಲ್ಪ ತೇವ ಸೇರಿದರೆ, ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ತಾನಾಗಿಯೇ ಬಿಸಿಯಾಗುತ್ತಾ ಹೋಗುತ್ತದೆ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸ್ವಂತ ಸಂಖ್ಯೆಯೇ ಇದೆ. ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಅದರ ಜಾಗ. ಕರ್ಪೂರವೂ ಅದೇ ಪಟ್ಟಿಯಲ್ಲಿ ಬೇಗ ಹೊತ್ತಿಕೊಳ್ಳುವ ಘನವಸ್ತು. ಬೆಂಕಿಪೊಟ್ಟಣ, ಲೈಟರ್ ಎರಡೂ ನಮ್ಮ ದೇಶದ ವಿಮಾನಗಳಲ್ಲಿ ಎಲ್ಲಿಯೂ ಇಡುವಂತಿಲ್ಲ. ಎಕ್ಸ್‌ರೇಯಲ್ಲಿ ಇವು ಕಂಡರೆ ಲಗೇಜನ್ನು ತಡೆದು, ಬೋರ್ಡಿಂಗ್ ಗೇಟಿನಲ್ಲಿ ಕೂತಿದ್ದ ನಿಮ್ಮ ಅಪ್ಪನ ಹೆಸರು ಕೂಗಿ ಕರೆಸಿ, ಬೀಗ ತೆಗೆಸಿ, ತೆಗೆದುಹಾಕುತ್ತಾರೆ. ಮಂಡಿ ನೋವಿನವರಿಗೆ ಆ ಓಡಾಟ ಬೇಡ. ವಿಶ್ವನಾಥ ಗಲ್ಲಿಯಲ್ಲಿ ಕರ್ಪೂರಕ್ಕೇನೂ ಬರವಿಲ್ಲ. ಕೊಬ್ಬರಿಗೆ ಅಲ್ಲಿ ‘ಗೋಲಾ’ ಅನ್ನುತ್ತಾರೆ, ಅಮ್ಮನಿಗೆ ಆ ಒಂದು ಪದ ಹೇಳಿಕೊಟ್ಟರೆ ಸಾಕು.

ಹಸಿ ತೆಂಗಿನಕಾಯಿಯ ಕತೆ ಬೇರೆ. ಅದನ್ನು ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬೇಡ. ಶಬರಿಮಲೆ ಕಾಲದಲ್ಲಿ ಇರುಮುಡಿಯ ಕಾಯಿಗೆ ಮಾತ್ರ ಕೆಲವು ವರ್ಷ ಕೈಚೀಲದ ವಿನಾಯಿತಿ ಕೊಟ್ಟಿದ್ದಾರೆ. ಕಾಶಿಗೆ ಹೊರಟವರಿಗೆ ಅದು ಅನ್ವಯಿಸುವುದಿಲ್ಲ. ತುಪ್ಪ, ಉಪ್ಪಿನಕಾಯಿ, ಖಾರದ ಪುಡಿ, ಸಾಂಬಾರ್ ಪುಡಿ ಇವೂ ಲಗೇಜಿಗೇ. ಖಾರದ ಪುಡಿಯನ್ನು ಯಾರದಾದರೂ ಕಣ್ಣಿಗೆ ಎರಚಬಹುದು ಎಂಬುದು ಭದ್ರತೆಯವರ ಲೆಕ್ಕ. ಅರಿಶಿನ, ಕುಂಕುಮ, ವಿಭೂತಿಯ ಸಣ್ಣ ಪೊಟ್ಟಣಗಳನ್ನೂ ಅದರ ಜೊತೆಗೇ ಸೇರಿಸಿಬಿಡಿ, ಪ್ರಶ್ನೆಯೇ ಬರುವುದಿಲ್ಲ. ಬೆಲ್ಲದ ಅಚ್ಚು, ಚಕ್ಕುಲಿ, ಕೋಡುಬಳೆ, ಮದ್ದೂರು ವಡೆ, ಚಪಾತಿ, ಬಾಳೆಹಣ್ಣು ಕೈಚೀಲದಲ್ಲಿ ಆರಾಮಾಗಿ ಹೋಗುತ್ತವೆ.

ಇನ್ನು ಅಪ್ಪನ ಎಲೆಅಡಿಕೆ ಚೀಲ. ನೀವು ಬರೆದಿಲ್ಲ, ಆದರೆ ನಮ್ಮ ಕಡೆಯ 68 ವರ್ಷದವರಲ್ಲಿ ಅದಿಲ್ಲದವರು ಕಡಿಮೆ. ಅದರೊಳಗಿನ ಅಡಕತ್ತರಿ ಕೈಚೀಲದಲ್ಲಿದ್ದರೆ ಭದ್ರತೆಯವರು ತೆಗೆದಿಟ್ಟುಕೊಳ್ಳುತ್ತಾರೆ, ವಾಪಸ್ ಕೊಡುವುದಿಲ್ಲ. ಅಜ್ಜನ ಕಾಲದ ಹಿತ್ತಾಳೆ ಅಡಕತ್ತರಿಯಾದರೆ ಮನೆಯಲ್ಲೇ ಬಿಡಿಸಿ; ಅಡಿಕೆಯನ್ನು ಮೊದಲೇ ಕತ್ತರಿಸಿ ಡಬ್ಬಿಗೆ ಹಾಕಿಕೊಡಿ. ವಿಮಾನದಲ್ಲಿ ಉಗಿಯಲು ಜಾಗವಿಲ್ಲ ಎನ್ನುವುದನ್ನು ಊರಲ್ಲೇ ಹೇಳಿ ಒಪ್ಪಿಸಿ. ಬದಲಿಗೆ ಲವಂಗ, ಏಲಕ್ಕಿ. ಅವು ಕಿವಿಗೂ ಒಳ್ಳೆಯದು, ಅದನ್ನು ಮುಂದೆ ಹೇಳುತ್ತೇನೆ.

ಈಗ ಟಿಕೆಟ್‌ನಲ್ಲಿರುವ ಹೆಸರು. ಮಂಡ್ಯ-ಮೈಸೂರಿನವರಿಗೆ ಇದು ಖಾಯಂ ತಲೆನೋವು. ನಮ್ಮಲ್ಲಿ ಹೆಸರು, ಹೆಸರಿನ ಮುಂದೆಯೋ ಹಿಂದೆಯೋ ಒಂದು ಇನಿಷಿಯಲ್. ಬುಕಿಂಗ್ ವೆಬ್‌ಸೈಟಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಆಧಾರ್‌ನಲ್ಲಿ ‘ನಿಂಗೇಗೌಡ ಕೆ’ ಎಂದು ಇರುವವರನ್ನು ಬುಕ್ ಮಾಡುವ ಹುಡುಗರು ‘ನಿಂಗೇ’ ಒಂದು ಕಡೆ, ‘ಗೌಡ’ ಇನ್ನೊಂದು ಕಡೆ ಮಾಡಿ ಇನಿಷಿಯಲ್ ನುಂಗಿಬಿಡುತ್ತಾರೆ. ಅಮ್ಮಂದಿರದು ಇನ್ನೊಂದು ಬಗೆ: ಕರೆಯುವುದು ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಮ್ಮ. ಟರ್ಮಿನಲ್ ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಜೋಡಿಸಿ ನೋಡಿಯೇ ಒಳಗೆ ಬಿಡುವುದು. ಒಂದಕ್ಷರದ ಕಾಗುಣಿತ ಹೆಚ್ಚುಕಮ್ಮಿಯಾದರೆ ಸಾಮಾನ್ಯವಾಗಿ ಸುಮ್ಮನಾಗುತ್ತಾರೆ, ಹೆಸರೇ ಬೇರೆಯಾದರೆ ಬಿಡುವುದಿಲ್ಲ. ಆಧಾರ್‌ನ ಇಂಗ್ಲಿಷ್ ಅಕ್ಷರಗಳನ್ನು ನೋಡಿಕೊಂಡು ಅಕ್ಷರಕ್ಕಕ್ಷರ ತುಂಬಿಸಿ, ಇನಿಷಿಯಲ್ಲನ್ನು ಕೊನೆಯ ಹೆಸರಿನ ಖಾನೆಗೆ ಹಾಕಿ. ಒಂಟಿ ಅಕ್ಷರವನ್ನು ವೆಬ್‌ಸೈಟ್ ಒಪ್ಪದಿದ್ದರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ಒಂದೇ ಹೆಸರಿರುವವರಿಗೆ ಅದನ್ನೇ ಎರಡೂ ಖಾನೆಯಲ್ಲಿ ಬರೆಸುವುದುಂಟು. ತಪ್ಪಾಗಿದ್ದರೆ ಟಿಕೆಟ್ ಕೈಗೆ ಬಂದ ದಿನವೇ ತಿದ್ದಿಸಿ. ಹೊರಡುವ ಹಿಂದಿನ ದಿನ ಇದು ಸುಲಭದ ಕೆಲಸವಲ್ಲ.

ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ಸಮಯವನ್ನು ಯೋಚಿಸಿ ಆರಿಸಿ. ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ ಗಂಗಾ ಬಯಲಿನಲ್ಲಿ ಮಂಜು. ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಕೆಲವು ಇಳಿಯಲಾಗದೆ ಬೇರೆ ಊರಿಗೆ ಹೋಗುತ್ತವೆ. ಚಳಿಗಾಲದ ನಸುಕಿನಲ್ಲಿ ದೇವನಹಳ್ಳಿಯಲ್ಲೂ ಮಂಜು ಕಟ್ಟುವುದುಂಟು. ಆದ್ದರಿಂದ ಬೆಂಗಳೂರಿನಿಂದ ಬೆಳಿಗ್ಗೆ 11ರ ಸುಮಾರಿಗೆ ಹೊರಟು ಮಧ್ಯಾಹ್ನ ಇಳಿಯುವ ನೇರ ವಿಮಾನ ಸಿಕ್ಕರೆ ನೂರಿನ್ನೂರು ಹೆಚ್ಚಾದರೂ ಅದನ್ನೇ ತೆಗೆಯಿರಿ. ಹಾರಾಟ ಸುಮಾರು ಎರಡೂವರೆ ಗಂಟೆ. ದೆಹಲಿಯಲ್ಲೋ ಹೈದರಾಬಾದಿನಲ್ಲೋ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಹೊಸಬರಿಗೆ, ಅದೂ ಮಂಜಿನ ಕಾಲದಲ್ಲಿ, ಖಂಡಿತ ಬೇಡ.

11ರ ವಿಮಾನಕ್ಕೆ ಮಂಡ್ಯವನ್ನು ಬೆಳಿಗ್ಗೆ 5ಕ್ಕೆ ಬಿಡಬೇಕು. ದಶಪಥದಲ್ಲಿ ಬೆಂಗಳೂರಿನ ಅಂಚಿಗೆ ಒಂದೂಕಾಲು ಗಂಟೆ ಸಾಕು. ನಿಜವಾದ ಲೆಕ್ಕ ಶುರುವಾಗುವುದು ಅಲ್ಲಿಂದ ಆಚೆಗೆ. 7ರೊಳಗೆ ಹೆಬ್ಬಾಳ ದಾಟಿದರೆ ಬಚಾವು, ಎಂಟಾದರೆ ಮೇಲ್ಸೇತುವೆಯ ಮೇಲೆಯೇ ಅರ್ಧ ಗಂಟೆ ಹೋಗಬಹುದು. ನಗರದೊಳಗೆ ಹೋಗುವುದೇ ಬೇಡವೆಂದರೆ ನೈಸ್ ರಸ್ತೆ ಹಿಡಿದು ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ದೂರ ಹೆಚ್ಚು, ಭರವಸೆಯೂ ಹೆಚ್ಚು. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಹೋಗುತ್ತದೆ, ಆದರೆ ಮಂಡಿ ನೋವಿನ ಅಪ್ಪ, ಎರಡು ಲಗೇಜು ಅಂದರೆ ಕಾರೇ ಸರಿ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನಿಂದಲೇ ಹೋಗಬಾರದೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿಯ ರನ್‌ವೇ 1740 ಮೀಟರ್, ಎಟಿಆರ್‌ನಂಥ ಪಂಖದ ಸಣ್ಣ ವಿಮಾನಗಳಿಗೆ ಸಾಕಾಗುವಷ್ಟು. ಕಾಶಿಗೆ ಹೋಗುವ ಏರ್‌ಬಸ್, ಬೋಯಿಂಗ್‌ಗಳಿಗೆ ಅದು ಸಾಲದು.

ಬೆಂಗಳೂರಿನಲ್ಲಿ ಟರ್ಮಿನಲ್ 1, ಟರ್ಮಿನಲ್ 2 ಎರಡೂ ಬೇರೆ ಬೇರೆ ಕಟ್ಟಡಗಳು. ಟಿಕೆಟ್‌ನಲ್ಲಿ ಯಾವುದಿದೆ ನೋಡಿ ಡ್ರೈವರ್‌ಗೆ ಮೊದಲೇ ಹೇಳಿ. ಲಗೇಜು ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟು 25 ನಿಮಿಷ ಮೊದಲು. ಆಮೇಲೆ ವಿಮಾನ ಕಣ್ಣೆದುರೇ ನಿಂತಿದ್ದರೂ ಹತ್ತಿಸುವುದಿಲ್ಲ. ರೈಲಿನ ಹಾಗೆ ಕೊನೇ ಗಳಿಗೆಯಲ್ಲಿ ಓಡಿ ಹತ್ತುವ ಅಭ್ಯಾಸವಿರುವವರಿಗೆ ಇದನ್ನು ಎರಡು ಸಲ ಹೇಳಬೇಕು. ವೆಬ್ ಚೆಕ್-ಇನ್ ನೀವೇ ಮನೆಯಲ್ಲಿ ಮಾಡಿ, ಬೋರ್ಡಿಂಗ್ ಪಾಸನ್ನು ಕಾಗದದಲ್ಲಿ ಮುದ್ರಿಸಿ ಇಬ್ಬರ ಕೈಗೂ ಒಂದೊಂದು ಕೊಡಿ. ಮೊಬೈಲ್‌ನಲ್ಲಿ ಹುಡುಕುವ ಕಷ್ಟ ಅವರಿಗೆ ಬೇಡ.

ಗಾಲಿಕುರ್ಚಿಯನ್ನು ಸಂಕೋಚವಿಲ್ಲದೆ ಕೇಳಿ. ಅದಕ್ಕೆ ದುಡ್ಡಿಲ್ಲ, ಆದರೆ 48 ಗಂಟೆ ಮೊದಲೇ ತಿಳಿಸಿರಬೇಕು. ಬುಕ್ ಮಾಡುವಾಗ ಮೂರು ಬಗೆ ಕಾಣುತ್ತವೆ. ಮೆಟ್ಟಿಲು ಹತ್ತಬಲ್ಲರು ಆದರೆ ದೂರ ನಡೆಯಲಾರರು ಎಂದರೆ ಕೊನೆಯಲ್ಲಿ ‘ಆರ್’ ಬರುವ ಸಂಕೇತ. ಮೆಟ್ಟಿಲೂ ಆಗದು ಎಂದರೆ ‘ಎಸ್’. ನಡೆಯಲೇ ಆಗದವರಿಗೆ ‘ಸಿ’. ಹೆಚ್ಚಿನವರು ನೋಡದೆ ‘ಆರ್’ ಒತ್ತುತ್ತಾರೆ. ಆಮೇಲೆ ವಿಮಾನ ಟರ್ಮಿನಲ್‌ಗೆ ಜೋಡಿಸುವ ಸೇತುವೆಗೆ ಬರದೆ ಬಯಲಲ್ಲಿ ನಿಂತರೆ ಕಡಿದಾದ ಏಣಿ ಮೆಟ್ಟಿಲನ್ನು ಇಳಿಯಬೇಕಾಗುತ್ತದೆ. ಅಪ್ಪನ ಮಂಡಿ ಒಂದು ಮಹಡಿ ಇಳಿಯಲು ತಡೆಯುವುದಿಲ್ಲ ಅನ್ನಿಸಿದರೆ ‘ಎಸ್’ ಆರಿಸಿ. ಕುರ್ಚಿ ತಳ್ಳುವವರು ಬಾಗಿಲಿನಿಂದ ಚೆಕ್-ಇನ್, ಭದ್ರತೆ, ಗೇಟಿನವರೆಗೂ ಜೊತೆಗಿರುತ್ತಾರೆ. ಹಾದಿ ಗೊತ್ತಿಲ್ಲದ ಅಮ್ಮನಿಗೂ ಅವರೇ ದಾರಿ. ಟಿಕೆಟ್ ಇಲ್ಲದ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸುವುದರಿಂದ ಈ ವ್ಯವಸ್ಥೆಗೆ ಇನ್ನೂ ಬೆಲೆ.

ಭದ್ರತಾ ತಪಾಸಣೆಯಲ್ಲಿ ಟ್ರೇಗೆ ಹಾಕಬೇಕಾದವು ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್, ಪರ್ಸ್, ಚಿಲ್ಲರೆ, ಬೀಗದ ಕೈ, ಬೆಲ್ಟು. ಅಮ್ಮನ ತಾಳಿ, ಬಳೆ ತೆಗೆಯುವುದು ಬೇಡ. ಹೆಂಗಸರನ್ನು ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಅಪ್ಪ ಬೆಳ್ಳಿ ಉಡಿದಾರ ಹಾಕಿದ್ದರೆ ಯಂತ್ರ ಕೂಗುತ್ತದೆ. ಗಾಬರಿಯಾಗದೆ ಅಂಗಿಯ ಅಂಚು ಸ್ವಲ್ಪ ಎತ್ತಿ ತೋರಿಸಿದರೆ ಆಯಿತು, ಅದು ಅವರಿಗೆ ಹೊಸದಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿದ್ದರೆ ಕೊಬ್ಬರಿಯ ಗತಿಯೇ. ಮಿತಿ 100 ವಾಟ್-ಅವರ್. ಸಾಮಾನ್ಯ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆಯಿಲ್ಲ. ಅದನ್ನು ತಲೆಯ ಮೇಲಿನ ಗೂಡಿಗೆ ತುರುಕದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ.

ಇನ್ಸುಲಿನ್ ವಿಷಯದಲ್ಲಿ ಮೂರು ಮಾತು. ಅದು ಕೈಚೀಲದಲ್ಲಿರಬೇಕು, ಡಾಕ್ಟರ ಚೀಟಿಯ ಪ್ರತಿಯೊಂದಿಗೆ. ಲಗೇಜಿಗೆ ಹಾಕಿದರೆ ಚಳಿಗೆ ಕೆಡಬಹುದು, ಲಗೇಜು ತಡವಾದರೆ ಮದ್ದೇ ಇರುವುದಿಲ್ಲ. ಬಳಕೆಯಲ್ಲಿರುವ ಪೆನ್ನಿಗೆ ಐಸ್ ಬೇಕಿಲ್ಲ. ಹೆಚ್ಚಿನ ಬಗೆಯವು ಕೋಣೆಯ ಉಷ್ಣತೆಯಲ್ಲಿ 28 ದಿನ ಇರುತ್ತವೆ, ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ. ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಡಬಾರದು. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಮದ್ದನ್ನು ಹೊರಕ್ಕೆ ತಳ್ಳುತ್ತದೆ, ಆಮೇಲೆ ಗುಳ್ಳೆ ನಿಂತು ಡೋಸ್ ಕಡಿಮೆಯಾಗುತ್ತದೆ. ಚುಚ್ಚಿಕೊಳ್ಳುವ ಮುನ್ನ ಹೊಸ ಸೂಜಿ ಹಾಕಿ 2 ಯೂನಿಟ್ ಗಾಳಿಗೆ ಬಿಟ್ಟು ನೋಡಲಿ. ಮುಖ್ಯವಾಗಿ, ಊಟ ಮುಂದೆ ಬರುವವರೆಗೆ ಚುಚ್ಚಿಕೊಳ್ಳಬಾರದು. ತಿಂಡಿ ಗಾಡಿ ಹೊರಟಿತು ಎಂದು ಚುಚ್ಚಿಕೊಂಡ ಮೇಲೆ ವಿಮಾನ ಕುಲುಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ, ಸಕ್ಕರೆ ಇಳಿಯಲು ಶುರುವಾಗಿರುತ್ತದೆ. ಅದಕ್ಕೇ ಜೇಬಿನಲ್ಲಿ ನಾಲ್ಕು ಬೆಲ್ಲದ ಚೂರು, ಚೀಲದಲ್ಲಿ ಎರಡು ಚಪಾತಿ.

ಅಮ್ಮನ ಕಿವಿಗೆ ಬರೋಣ. ಊಟಿಯ ಉದಾಹರಣೆಯನ್ನು ನೀವೇ ಕೊಟ್ಟಿದ್ದೀರಿ, ಒಳ್ಳೆಯದಾಯಿತು. ವಿಮಾನ 35,000 ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ, ಅಂದರೆ 2,400 ಮೀಟರ್ ಎತ್ತರದ ಊರಿನಲ್ಲಿರುವಷ್ಟಕ್ಕೆ ಹಿಡಿದಿಡುತ್ತಾರೆ. ಊಟಿ ಇರುವುದು ಸುಮಾರು 2,240 ಮೀಟರಿನಲ್ಲಿ. ಅಲ್ಲಿಗೆ ವಿಮಾನದಲ್ಲಿ ಕೂತರೆ ಉಸಿರಿಗೆ ಊಟಿಯಲ್ಲಿ ಕೂತಷ್ಟೇ. ಊಟಿಯಲ್ಲಿ ಆರಾಮಾಗಿ ಓಡಾಡಿದವರಿಗೆ ಇಲ್ಲಿ ಉಸಿರಿನ ತೊಂದರೆಯಾಗುವುದು ಅಪರೂಪ. ಕಿವಿಗೆ ಕಷ್ಟ ಕೊಡುವುದು ಇಳಿಯುವ ವೇಗ. ಘಾಟಿ ಇಳಿಯಲು ಒಂದು ಗಂಟೆ ಹಿಡಿದರೆ ವಿಮಾನ ಇದನ್ನು ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತದೆ. ಅದೂ ಕಾಶಿ ಸಮುದ್ರಮಟ್ಟದಿಂದ 80 ಮೀಟರ್ ಮಾತ್ರ ಮೇಲಿದೆ, ಬೆಂಗಳೂರು 900. ಹೋಗುವಾಗಿನ ಇಳಿತ ಬರುವಾಗಿನದಕ್ಕಿಂತ ಕಿವಿಗೆ ಹೆಚ್ಚು ಭಾರ.

ಕಿವಿಯ ಒಳಭಾಗದಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಏರುವಾಗ ಒಳಗಿನ ಗಾಳಿ ಅದರಿಂದ ತಾನಾಗಿ ಹೊರಬರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು, ಆಗ ಕೊಳವೆಯ ಬಾಯಿ ಕವಾಟದ ಹಾಗೆ ಮುಚ್ಚಿಕೊಳ್ಳುತ್ತದೆ. ನುಂಗಿದಾಗ, ಆಕಳಿಸಿದಾಗ, ಜಗಿದಾಗ ಮಾತ್ರ ತೆರೆಯುತ್ತದೆ. ಆದ್ದರಿಂದ ವಿಮಾನ ಇಳಿಯುತ್ತಿದೆ ಎಂದು ಹೇಳಿದ ಕೂಡಲೇ ಅಮ್ಮ ಎದ್ದಿರಬೇಕು. ನಿದ್ದೆಯಲ್ಲಿ ನುಂಗುವುದು ಕಡಿಮೆ. ಬಾಯಲ್ಲಿ ಲವಂಗ ಇಟ್ಟು ಜಗಿಯುತ್ತಾ, ಅರ್ಧ ನಿಮಿಷಕ್ಕೊಂದು ಗುಟುಕು ನೀರು. ನೋವು ಬಂದ ಮೇಲೆ ಶುರುಮಾಡಿದರೆ ಪ್ರಯೋಜನ ಕಡಿಮೆ. ಸಾಲದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನಿಂದ ಉಸಿರು ತಳ್ಳುವುದು. ‘ಟಪ್’ ಅಂದರೆ ತೆರೆಯಿತು. ಜೋರಾಗಿ ಊದಬಾರದು. ಹತ್ತಿ ತುರುಕುವುದರಿಂದ ಏನೂ ಆಗುವುದಿಲ್ಲ, ಒತ್ತಡದ ಏರುಪೇರಿಗೆ ಹತ್ತಿ ಅಡ್ಡಿಯಲ್ಲ. ನೆಗಡಿಯಿದ್ದರೆ ಇಳಿಯಲು ಅರ್ಧ ಗಂಟೆ ಮೊದಲು ಮೂಗಿಗೆ ಬಿಡುವ ಡ್ರಾಪ್ಸ್ ಸಹಾಯಕ, ಆದರೆ ಅಮ್ಮನಿಗೆ ಬಿಪಿ ಇರುವುದರಿಂದ ಡಾಕ್ಟರನ್ನು ಕೇಳಿಯೇ ಕೊಡಿ. ಕಿವಿ ಸೋರುತ್ತಿದ್ದರೆ, ಜೋರು ನೆಗಡಿ ಕಟ್ಟಿದ್ದರೆ ಪ್ರಯಾಣ ಮುಂದೂಡುವುದೇ ಲೇಸು.

ಶಬ್ದಗಳನ್ನೂ ಮೊದಲೇ ಹೇಳಿಬಿಡಿ, ಭಯದ ಅರ್ಧ ಅದರಿಂದಲೇ. ಏರ್‌ಬಸ್ ಎ320 ಹೊರಡುವ ಮೊದಲು ಕಾಲ ಕೆಳಗಿನಿಂದ ಗರಗಸ ಎಳೆದ ಹಾಗೆ, ನಾಯಿ ಬೊಗಳಿದ ಹಾಗೆ ಸದ್ದು ಬರುತ್ತದೆ. ಒಂದು ಕಡೆಯ ಹೈಡ್ರಾಲಿಕ್ ಒತ್ತಡವನ್ನು ಇನ್ನೊಂದು ಕಡೆಗೆ ಕೊಡುವ ಯಂತ್ರದ ಸದ್ದು ಅದು. ನೆಲ ಬಿಟ್ಟ ಮೇಲೆ ‘ದಡ್’ ಎಂದರೆ ಚಕ್ರ ಮಡಚಿ ಒಳಗೆ ಹೋಯಿತು. ಇನ್ನೊಂದು ನಿಮಿಷಕ್ಕೆ ಎಂಜಿನ್ ಸದ್ದು ತಗ್ಗಿ, ಹೊಟ್ಟೆ ಕೆಳಗೆ ಜಾರಿದಂತಾಗುತ್ತದೆ. ಪೈಲಟ್ ಪೂರ್ಣ ಶಕ್ತಿಯಿಂದ ಏರುವ ಶಕ್ತಿಗೆ ಇಳಿಸಿದ್ದು ಅಷ್ಟೇ, ವಿಮಾನ ಮೇಲೇರುತ್ತಲೇ ಇದೆ. ಮೇಲಿನಿಂದ ಹೊಗೆಯಂತೆ ಬಿಳಿ ಆವಿ ಬಂದರೆ ತಣ್ಣನೆಯ ಗಾಳಿಗೆ ತೇವ ಮಂಜಾಗಿದೆ. ರೆಕ್ಕೆಯ ತುದಿ ಬಳುಕುವುದು ಅದು ಇರಬೇಕಾದ ರೀತಿ. ಕುಲುಕಾಟ ಕಡಿಮೆ ಇರುವುದು ರೆಕ್ಕೆಯ ನೇರದ ಸಾಲುಗಳಲ್ಲಿ. ಅಪ್ಪನಿಗೆ ಅಲ್ಲಿ ನಡುದಾರಿಯ ಪಕ್ಕದ ಸೀಟು ಕೊಡಿಸಿ, ಶೌಚಾಲಯಕ್ಕೆ ಏಳಲು ಅನುಕೂಲ. ತುರ್ತು ಬಾಗಿಲ ಸಾಲಿನಲ್ಲಿ ಮಾತ್ರ ಅವರನ್ನು ಕೂರಿಸುವುದಿಲ್ಲ.

ಶೌಚಾಲಯದ ಬಾಗಿಲು ಹಿಡಿಯಿಲ್ಲದೆ ನಡುವೆ ಮಡಚುವಂಥದ್ದು, ಮಧ್ಯದಲ್ಲಿ ಒತ್ತಿದರೆ ಒಳಕ್ಕೆ ಸೇರುತ್ತದೆ. ಚಿಲಕ ಪೂರ್ತಿ ಸರಿಸಿದರೆ ಮಾತ್ರ ದೀಪ ಪೂರ್ತಿ ಹೊತ್ತುತ್ತದೆ. ಫ್ಲಶ್ ಒತ್ತಿದಾಗ ಗಾಳಿ ಎಳೆಯುವ ಸದ್ದಿಗೆ ಹೊಸಬರು ಬೆಚ್ಚಿಬೀಳುತ್ತಾರೆ.

ಮಂಜಿನಿಂದ ವಿಮಾನ ತಡವಾದರೆ ಏನು ಕೇಳಬಹುದು ಎಂದು ಚಿಕ್ಕಪ್ಪನ ಮಗನಿಗೂ ಗೊತ್ತಿರಲಿ. ಹವಾಮಾನದ ಕಾರಣಕ್ಕೆ ಪರಿಹಾರದ ಹಣ ಸಿಗುವುದಿಲ್ಲ. ರದ್ದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು. 6 ಗಂಟೆಗಿಂತ ಹೆಚ್ಚು ತಡವೆಂದು ತಿಳಿಸಿದಾಗಲೂ ಹಾಗೆಯೇ. ಲಗೇಜು ಬೆಲ್ಟಿನ ಮೇಲೆ ಬರದಿದ್ದರೆ ಅಥವಾ ಒಡೆದು ಬಂದರೆ ಹೊರಗೆ ಕಾಲಿಡುವ ಮೊದಲೇ ಕಂಪನಿಯ ಮೇಜಿನಲ್ಲಿ ಪಿಐಆರ್ ಎಂಬ ದೂರು ಬರೆಸಿ ಪ್ರತಿ ತೆಗೆದುಕೊಳ್ಳಬೇಕು. ಮನೆಗೆ ಹೋಗಿ ಫೋನ್ ಮಾಡಿದರೆ ಕೇಳುವವರಿಲ್ಲ.

ತೂಕ: ಒಬ್ಬರಿಗೆ ಲಗೇಜು ಸಾಮಾನ್ಯವಾಗಿ 15 ಕೆಜಿ, ಕೈಚೀಲ 7 ಕೆಜಿ. ಮನೆಯ ತಕ್ಕಡಿಯಲ್ಲಿ ಬರಿಗೈಲಿ ನಿಂತು ಒಮ್ಮೆ, ಸೂಟ್‌ಕೇಸ್ ಹಿಡಿದು ಒಮ್ಮೆ ತೂಗಿ ಕಳೆಯಿರಿ, 13ಕ್ಕೆ ನಿಲ್ಲಿಸಿ. ಕಾಶಿಯ ಜನವರಿಗೆ ಬೇಕಾದ ಸ್ವೆಟರು, ಮಂಕಿ ಕ್ಯಾಪನ್ನು ಮೈಮೇಲೆ ಹಾಕಿಕೊಂಡೇ ಹೋದರೆ ತೂಕಕ್ಕೆ ಸೇರದು.

13ಕ್ಕೆ ನಿಲ್ಲಿಸಿ ಎಂದದ್ದು ಬರುವಾಗ ಗಂಗಾಜಲಕ್ಕೆ ಜಾಗ ಇರಲೆಂದೇ. ಒಂದು ಲೀಟರ್ ಅಂದರೆ ಒಂದು ಕೆಜಿ, ಐದು ಲೀಟರಿನ ಕ್ಯಾನು ಒಬ್ಬರ ಪಾಲಿನ ಮೂರನೇ ಒಂದು. ಊರಲ್ಲಿ ಹಂಚಲು ಎರಡು ಲೀಟರ್ ಧಾರಾಳ, ಉಳಿದದ್ದನ್ನು ನಮ್ಮ ಕಾವೇರಿ ನೀರಿಗೆ ಒಂದೊಂದು ಹನಿ ಬೆರೆಸಿದರಾಯಿತು. ಘಾಟಿನ ಬಳಿ ಮಾರುವ ತೆಳು ಕ್ಯಾನುಗಳ ಮುಚ್ಚಳ ನಂಬುವಂಥದ್ದಲ್ಲ. ಕಾಶಿಯಲ್ಲಿ ಮುಚ್ಚಿದ ಗಾಳಿಗೆ ಹೋಲಿಸಿದರೆ ಹಾರುವ ವಿಮಾನದಲ್ಲಿ ಒತ್ತಡ ಸುಮಾರು ಕಾಲು ಭಾಗ ಕಡಿಮೆ. ಅರ್ಧ ತುಂಬಿದ ಬಾಟಲಿಯೊಳಗಿನ ಗಾಳಿ ಹಿಗ್ಗಿ ನೀರನ್ನು ಮುಚ್ಚಳದ ಸಂದಿಯಿಂದ ತಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಲೀಟರ್ ಬಾಟಲಿಗಳನ್ನು ಇಲ್ಲಿಂದಲೇ ಖಾಲಿ ಕಳಿಸಿ. ಅಂಚಿನವರೆಗೆ, ಗಾಳಿ ಉಳಿಯದ ಹಾಗೆ ತುಂಬಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಎರಡು ಕವರಿನೊಳಗೆ ಹಾಕಿ ಬಟ್ಟೆಯ ನಡುವೆ ಲಗೇಜಿನಲ್ಲಿ ಇಡಬೇಕು. ಬೆಸುಗೆ ಹಾಕಿದ ತಾಮ್ರದ ಪುಟ್ಟ ಗಿಂಡಿಗಳನ್ನು ಕೈಚೀಲದಲ್ಲಿ ಇಡಬೇಡಿ: ಲೋಹದೊಳಗೆ ಏನಿದೆ ಎಂದು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ತೆರೆದು ತೋರಿಸಿ ಎಂದರೆ ಬೆಸುಗೆ ಒಡೆಯಬೇಕಾಗುತ್ತದೆ.